ಕಚೇರಿಗೆ ಉರ್ದು, ಮನೆಗೆ ಕನ್ನಡ

ರಾಯಚೂರು ಸೀಮೆಯಲ್ಲಿ ಭಾಷೆಯ ಪ್ರಶ್ನೆ ಎಂದೂ ಸರಳವಾಗಿರಲಿಲ್ಲ. ಪೂರ್ವದ ಗಡಿಯಲ್ಲಿ ತೆಲುಗು, ಸರ್ಕಾರಿ ಕಚೇರಿಯಲ್ಲಿ ಉರ್ದು, ಮನೆ ಹಾಗೂ ಹೊಲದಲ್ಲಿ ಕನ್ನಡ. ಸುಮಾರು ಎರಡು ಶತಮಾನ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ ಇಲ್ಲಿನ ಜನ ಕನ್ನಡಿಗರಾಗಿ ಉಳಿದದ್ದು ಹೇಗೆ?

ಉತ್ತರದ ಒಂದು ಭಾಗ ಮಾನ್ವಿ, ದೇವದುರ್ಗ ಭಾಗದ ಹಳ್ಳಿಗಳಲ್ಲಿ ಸಿಗುತ್ತದೆ. ಹದಿನೆಂಟನೆಯ ಶತಮಾನದ ದಾಸ ಸಾಹಿತ್ಯದ ಮೂವರು ಪ್ರಮುಖರು ಈ ನೆಲದವರು. ವಿಜಯದಾಸರದು ಮಾನ್ವಿ ಬಳಿಯ ಚೀಕಲಪರವಿ. ಅವರ ಶಿಷ್ಯ ಗೋಪಾಲದಾಸರದು ದೇವದುರ್ಗ ಕಡೆಯ ಮೊಸರಕಲ್ಲು. ಗೋಪಾಲದಾಸರ ಶಿಷ್ಯರಾದ ಜಗನ್ನಾಥದಾಸರು ಬ್ಯಾಗವಾಟದಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿದರು.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು. ಕನ್ನಡ ಪದ ಹಾಡುವ ದಾಸರನ್ನು ಕಡೆಗಣಿಸಿದ ಅವರು ವ್ಯಾಧಿಗೆ ತುತ್ತಾಗಿ, ಕಡೆಗೆ ಗೋಪಾಲದಾಸರ ಮೊರೆಹೊಕ್ಕರೆಂದು ಸಂಪ್ರದಾಯ ಹೇಳುತ್ತದೆ. ಕಥೆ ಏನೇ ಇರಲಿ, ಮುಂದೆ ಅವರು ಮಾಧ್ವ ಸಿದ್ಧಾಂತವನ್ನು ಭಾಮಿನಿ ಷಟ್ಪದಿಯ 'ಹರಿಕಥಾಮೃತಸಾರ'ವಾಗಿ ಕನ್ನಡಕ್ಕೆ ತಂದರು. ಸಂಸ್ಕೃತ ಬಾರದವರಿಗೂ ಶಾಸ್ತ್ರದ ಬಾಗಿಲು ತೆರೆಯಿತು. ಇತ್ತ ಮೊಹರಂನಲ್ಲಿ ಹಿಂದೂ, ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳಿಗೂ ಕನ್ನಡವೇ ನುಡಿಯಾಯಿತು. ಭಾಷೆಗೆ ಅರಮನೆಯ ಆಸರೆ ಬೇಕಾಗಲಿಲ್ಲ.

ಆದರೆ ಆಸರೆ ಇಲ್ಲದಿದ್ದುದರ ನಷ್ಟವೂ ಕಡಿಮೆಯದಲ್ಲ. 1884ರಲ್ಲಿ ಹೈದರಾಬಾದ್ ಸಂಸ್ಥಾನದ ಆಡಳಿತ ಭಾಷೆ ಫಾರ್ಸಿಯಿಂದ ಉರ್ದುವಿಗೆ ಬದಲಾಯಿತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ನಡೆಯಿತು. ನೌಕರಿ ಬಯಸುವ ಕನ್ನಡದ ಹುಡುಗ ಉರ್ದು ಕಲಿಯಲೇಬೇಕಿತ್ತು. ಅಕ್ಷರ ಬಾರದ ರೈತನಿಗಂತೂ ಸರ್ಕಾರದ ಆದೇಶದ ಅರ್ಥ ತಿಳಿಯಲು ಮತ್ತೊಬ್ಬರ ಬಾಯಿಯೇ ಗತಿ. ಹಾಡಿನಲ್ಲಿ ಒಡೆಯನಾದವನು ಕಚೇರಿಯಲ್ಲಿ ಮೂಕನಾದ.

1948ರ ಸೆಪ್ಟೆಂಬರ್‌ನಲ್ಲಿ ಸಂಸ್ಥಾನ ಭಾರತದೊಳಗೆ ಬಂದಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯಲ್ಲಿದ್ದ ಗದ್ವಾಲ್, ಆಲಂಪುರ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಭಾಷೆಯೊಂದೇ ಹಿಂದುಳಿದಿರುವಿಕೆಯನ್ನು ನೀಗಲಾರದು ಎಂಬುದನ್ನು 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371-ಜೆ ವಿಧಿಯ ವಿಶೇಷ ಸೌಲಭ್ಯವೇ ತೋರಿಸುತ್ತದೆ.

ಹಾಗಾದರೆ ಉರ್ದು ಪರಕೀಯವೇ? ಅರ್ಜಿ, ವಕೀಲ, ಜಮೀನು, ತಹಶೀಲ್ದಾರ ಎಂಬ ಮಾತುಗಳನ್ನು ತೆಗೆದರೆ ಇಂದಿನ ಕನ್ನಡ ಕಚೇರಿಯೇ ನಡೆಯದು. ರಾಯಚೂರು ಸೀಮೆಯ ಹೆಂಬೆರಾಳದ ಶಾಂತರಸರು ಉರ್ದುವಿನ ಗಜಲ್ ಪ್ರಕಾರವನ್ನು ಕನ್ನಡದಲ್ಲಿ ಬೇರೂರಿಸಿದರು. 2006ರಲ್ಲಿ ಬೀದರ್‌ನ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು. ಒಂದು ಕಾಲಕ್ಕೆ ಹೇರಿಕೆಯಾಗಿದ್ದ ಭಾಷೆ ಹೀಗೆ ಕನ್ನಡದ ಸಂಪತ್ತಾಯಿತು. ಜಗನ್ನಾಥದಾಸರು ಸಂಸ್ಕೃತದಿಂದ ಪಡೆದಂತೆ ಶಾಂತರಸರು ಉರ್ದುವಿನಿಂದ ಪಡೆದರು. ಕನ್ನಡತನವೆಂದರೆ ಉಳಿದ ನುಡಿಗಳಿಗೆ ಬಾಗಿಲು ಹಾಕುವುದಲ್ಲ, ಅವುಗಳಿಂದ ಪಡೆದದ್ದನ್ನು ತನ್ನದಾಗಿಸಿಕೊಳ್ಳುವುದು ಎಂಬುದು ಈ ದೋಆಬ್ ಪ್ರದೇಶದ ಇತಿಹಾಸ ಕಲಿಸುವ ಪಾಠ.