ಅಜ್ಜನ ಕಡತ ಮತ್ತು ರೋಮಿನ ಚಕ್ರವರ್ತಿಗಳು

ಹೋದ ತಿಂಗಳು ಅಕ್ಕ ಊರಿನ ಮನೆಯ ಕಪಾಟು ಖಾಲಿ ಮಾಡುವಾಗ ಒಂದು ಸಿಡಿ ಸಿಕ್ಕಿತಂತೆ. ಮೇಲೆ ಮಾರ್ಕರ್ ಪೆನ್ನಿನಲ್ಲಿ ‘ಅಪ್ಪಯ್ಯ - 2004’ ಅಂತ ಅಮ್ಮನ ಅಕ್ಷರ. ನಮ್ಮಜ್ಜ ಮನೆತನದ ಕಥೆ, ಊರಿನ ಕಥೆ, ತೋಟದ ಕಥೆ ಎಲ್ಲ ಬರೆದು, ಪೇಟೆಯ ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಪುಸ್ತಕ ಮಾಡಿಸಬೇಕು ಅಂತ ಇದ್ದರು. ಪುಸ್ತಕ ಆಗಲೇ ಇಲ್ಲ, ಅಜ್ಜ ಹೋದರು. ಬರೆದಿಟ್ಟಿದ್ದ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದು ಎಷ್ಟೋ ವರ್ಷ ಆಯ್ತು. ಉಳಿದದ್ದು ಈ ಸಿಡಿ ಒಂದೇ. ಪುಣ್ಯಕ್ಕೆ ಅದು ಓದಿತು. ಅಕ್ಕ ಅದರಲ್ಲಿದ್ದ ನಾಲ್ಕು ಫೈಲುಗಳನ್ನು ಇಲ್ಲಿಗೆ, ಲಂಡನ್ನಿಗೆ, ನನಗೆ ಕಳಿಸಿದಳು. ‘ನೀನು ಕಂಪ್ಯೂಟರ್ ಓದಿದವನಲ್ವಾ, ನೋಡು’ ಅಂತ.

ಹೆಸರುಗಳು ಹೀಗಿದ್ದವು: ‘ನ್ಯೂ’, ‘ನ್ಯೂ1’, ‘ನ್ಯೂ ಫೈನಲ್’, ‘ಫೈನಲ್ ಕರೆಕ್ಷನ್’. ನಗಬೇಡಿ, ನಮ್ಮ ಆಫೀಸಿನಲ್ಲೂ ಇದೇ ಕಥೆ. ‘ಫೈನಲ್ ಕರೆಕ್ಷನ್’ ತೆರೆದೆ. ಒಂದೇ ಒಂದು ಕನ್ನಡ ಅಕ್ಷರ ಇಲ್ಲ! ಪರದೆ ತುಂಬ ಇಂಗ್ಲಿಷ್ ಅಕ್ಷರಗಳು, ತಲೆಮೇಲೆ ಗೀಟು ಹೊತ್ತ ‘ಎ’ಗಳು, ಸಾಲಿಗೆ ನಾಲ್ಕೈದು ಪೌಂಡ್ ಚಿಹ್ನೆ. ಅಜ್ಜ ನನಗೆ ಪೌಂಡಿನಲ್ಲೇ ಆಸ್ತಿ ಬಿಟ್ಟು ಹೋದ ಹಾಗಿತ್ತು :-)

ಫೈಲಿಗೆ ನಾವು ಕನ್ನಡದಲ್ಲಿ ಕಡತ ಅಂತೀವಿ. ಇಂಗ್ಲಿಷಿನ ‘ಫೈಲ್’ ಹುಟ್ಟಿದ್ದು ದಾರ ಅನ್ನೋ ಅರ್ಥದ ಲ್ಯಾಟಿನ್ ಪದದಿಂದ. ಕಾಗದಗಳನ್ನು ದಾರಕ್ಕೋ ತಂತಿಗೋ ಪೋಣಿಸಿ ಇಡುತ್ತಿದ್ದರಲ್ಲ, ಅದು. ನಮ್ಮ ಕಡತದ ಕಥೆ ಇನ್ನೂ ಚೆನ್ನಾಗಿದೆ. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಹಿಂದಕ್ಕೆ ಮುಂದಕ್ಕೆ ಮಡಿಸಿ ಪುಸ್ತಕದ ಹಾಗೆ ಮಾಡಿ, ಬಳಪದಿಂದ ಬರೆಯುತ್ತಿದ್ದರು. ಕಪ್ಪು ಮೇಲೆ ಬಿಳಿ ಅಕ್ಷರ. ಶೃಂಗೇರಿ ಮಠದ ಹಳೆಯ ವ್ಯವಹಾರಗಳು ಇತಿಹಾಸಕಾರರಿಗೆ ಸಿಕ್ಕಿದ್ದು ಇಂಥ ಕಡತಗಳಿಂದಲೂ ಹೌದು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ದಕ್ಷಿಣ ಭಾರತದ ಇತಿಹಾಸದಲ್ಲಿ ಈ ಕಡತವನ್ನು ವರ್ಣಿಸಿದ್ದಾರೆ. ಇದರ ದೊಡ್ಡ ಗುಣ ಅಂದರೆ ಒರೆಸಿ ಮತ್ತೆ ಬರೆಯಬಹುದು. ರೀ-ರೈಟಬಲ್! ಆದರೆ ಒರೆಸಿದರೆ ಹೋಯ್ತು, ಹೋಯ್ತೇ.

ಕಂಪ್ಯೂಟರಿನಲ್ಲಿ ಹಾಗಲ್ಲ. ನೀವು ಫೈಲೊಂದನ್ನು ಅಳಿಸಿದಾಗ ಸಾಮಾನ್ಯವಾಗಿ ಹೋಗೋದು ಹೆಸರು ಮಾತ್ರ, ಮಾಲು ಅಲ್ಲೇ ಇರುತ್ತೆ. 1970ರ ಸುಮಾರಿಗೆ ಬೆಲ್ ಲ್ಯಾಬ್ಸಿನಲ್ಲಿ ಯುನಿಕ್ಸ್ ಮಾಡಿದವರು ಇದನ್ನು ಎಷ್ಟು ಚೊಕ್ಕವಾಗಿ ಇಟ್ಟರು ನೋಡಿ. ಡೈರೆಕ್ಟರಿ ಅಂದರೆ ಬರೀ ಒಂದು ಪಟ್ಟಿ, ಇಂಥ ಹೆಸರಿಗೆ ಇಂಥ ನಂಬರು ಅಂತ. ಆ ನಂಬರಿನ ಐನೋಡ್‌ನಲ್ಲಿ ಒಡೆಯ ಯಾರು, ಗಾತ್ರ ಎಷ್ಟು, ಯಾರು ಓದಬಹುದು, ಯಾರು ಬರೆಯಬಹುದು, ಡಿಸ್ಕಿನ ಯಾವ ಯಾವ ಜಾಗದಲ್ಲಿ ತುಂಡುಗಳಿವೆ ಎಲ್ಲ ಇರುತ್ತೆ. ಹೆಸರೊಂದನ್ನು ಬಿಟ್ಟು! ಒಂದೇ ಮಾಲಿಗೆ ಎರಡು ಹೆಸರು ಇರಬಹುದು, ಹೆಸರೇ ಇಲ್ಲದ ಮಾಲು ಡಿಸ್ಕಿನ ಮೂಲೆಯಲ್ಲಿ ಬಿದ್ದಿರಬಹುದು, ಬೇರೇನೋ ಬಂದು ಅದರ ಮೇಲೆ ಕೂರುವ ತನಕ.

ಹೆಸರು, ಜಾಗ, ಅನುಮತಿ. ಈ ಮೂರನ್ನೂ ಕಂಪ್ಯೂಟರಿಗಿಂತ 350 ವರ್ಷ ಮೊದಲು ಅನುಭವಿಸಿದ ಒಬ್ಬ ಮನುಷ್ಯ ಇದೇ ಲಂಡನ್ನಿನಲ್ಲಿದ್ದ. ಸರ್ ರಾಬರ್ಟ್ ಕಾಟನ್ ಅಂತ (1571-1631). ಎಂಟನೇ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿದ ಮೇಲೆ ಅಲ್ಲಿನ ಹಸ್ತಪ್ರತಿಗಳು ದಿಕ್ಕಾಪಾಲಾಗಿದ್ದವು. ಅವನ್ನೆಲ್ಲ ಕೂಡಿಹಾಕಿದವ ಇವನು. ವೆಸ್ಟ್‌ಮಿನ್‌ಸ್ಟರಿನ ಅವನ ಗ್ರಂಥಾಲಯದಲ್ಲಿ ಪ್ರತಿ ಬೀರುವಿನ ಮೇಲೂ ಒಂದೊಂದು ತಲೆ: ಜೂಲಿಯಸ್ ಸೀಸರ್, ನೀರೋ, ವಿಟೆಲಿಯಸ್ ಹೀಗೆ ಹನ್ನೆರಡು ಸೀಸರ್‌ಗಳು, ಜೊತೆಗೆ ಕ್ಲಿಯೋಪಾತ್ರ ಮತ್ತು ಫೌಸ್ಟೀನಾ. ‘ವಿಟೆಲಿಯಸ್ ಎ 15’ ಅಂದರೆ ವಿಟೆಲಿಯಸ್ ತಲೆಯ ಬೀರು, ಮೇಲಿನಿಂದ ಮೊದಲನೇ ತಟ್ಟು, ಹದಿನೈದನೇ ಪುಸ್ತಕ. ಇಂಗ್ಲಿಷಿನ ಆದಿಕಾವ್ಯ ಅನ್ನಬಹುದಾದ ‘ಬೇವುಲ್ಫ್’ ಇರೋದು ಅದರಲ್ಲೇ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಪಕ್ಕಾ ಫೈಲ್ ಪಾತ್. ಡ್ರೈವು, ಫೋಲ್ಡರು, ಫೈಲು.

ಅನುಮತಿಯ ಕಥೆ ಇನ್ನೂ ಮಜವಾಗಿದೆ. ಕಾಟನ್ ಪಾರ್ಲಿಮೆಂಟಿನವರಿಗೆ ಹಳೆಯ ದಾಖಲೆ ಒದಗಿಸೋದು ದೊರೆ ಮೊದಲನೇ ಚಾರ್ಲ್ಸ್‌ಗೆ ಸರಿಬರಲಿಲ್ಲ. 1629ರಲ್ಲಿ ಗ್ರಂಥಾಲಯಕ್ಕೆ ಬೀಗ ಹಾಕಿಸಿದ. ಒಡೆಯನಿಗೇ ಓದುವ ಹಕ್ಕಿಲ್ಲ! ಸಿಸ್ಟಮ್ ಅಡ್ಮಿನ್ ಮುನಿಸಿಕೊಂಡರೆ ಹೀಗೇ. ಎರಡು ವರ್ಷಕ್ಕೆ ಕಾಟನ್ ತೀರಿಕೊಂಡ.

ಆಮೇಲೆ ಆ ಸಂಗ್ರಹ ದೇಶದ ಆಸ್ತಿಯಾಯಿತು. ಕಟ್ಟಡ ಶಿಥಿಲವಾಯಿತು ಅಂತ ಅಲ್ಲಿ ಇಲ್ಲಿ ಸಾಗಿಸಿ, ಕೊನೆಗೆ ವೆಸ್ಟ್‌ಮಿನ್‌ಸ್ಟರಿನ ಆಶ್‌ಬರ್ನಮ್ ಹೌಸಿನಲ್ಲಿ ಇಟ್ಟರು. ಹೆಸರಲ್ಲೇ ‘ಬೂದಿ’ ಮತ್ತು ‘ಸುಡು’ ಎರಡೂ ಇದೆ, ಯಾರಿಗೂ ಹೊಳೆಯಲಿಲ್ಲ ನೋಡಿ. 1731ರ ಅಕ್ಟೋಬರ್ 23ರ ಬೆಳಗಿನ ಜಾವ ಬೆಂಕಿ ಬಿತ್ತು. ಕಿಟಕಿಯಿಂದ ಪುಸ್ತಕ ಎಸೆದು ಉಳಿಸಿದರು. ಹೆಚ್ಚುಕಮ್ಮಿ ಕಾಲುಭಾಗ ಸುಟ್ಟಿತು ಇಲ್ಲವೇ ಕೆಟ್ಟಿತು. ಬೇವುಲ್ಫ್ ಉಳಿಯಿತು, ಆದರೆ ಅಂಚು ಸೀದುಹೋಯಿತು. ಸೀದ ಅಂಚು ಮುಟ್ಟಿದರೆ ಪುಡಿಯಾಗಿ ಉದುರುತ್ತೆ, ಅದರ ಜೊತೆ ಅಕ್ಷರವೂ. 1780ರ ದಶಕದಲ್ಲಿ ಥೋರ್ಕೆಲಿನ್ ಅನ್ನೋ ಐಸ್‌ಲೆಂಡಿನ ವಿದ್ವಾಂಸ ಬ್ರಿಟಿಷ್ ಮ್ಯೂಸಿಯಮ್ಮಿಗೆ ಬಂದು ಅದರ ಎರಡು ಪ್ರತಿ ಮಾಡಿಕೊಂಡು ಹೋದ. ಒಂದು ಬೇರೆಯವರಿಂದ ಬರೆಸಿದ್ದು, ಒಂದು ತಾನೇ ಬರೆದದ್ದು. ಆ ನಂತರ ಮೂಲದಿಂದ ಉದುರಿಹೋದ ಸುಮಾರು ಎರಡು ಸಾವಿರ ಅಕ್ಷರ ಇವತ್ತು ನಮಗೆ ಗೊತ್ತಿರೋದು ಆ ಪ್ರತಿಗಳ ದೆಸೆಯಿಂದ. ಬ್ಯಾಕಪ್ ತೊಗೊಳ್ಳಿ ತೊಗೊಳ್ಳಿ ಅಂತ ನಾನು ಆಫೀಸಿನಲ್ಲಿ ಬಾಯಿ ಬಡಕೊಳ್ಳೋದು ಸುಮ್ಮನೆ ಅಲ್ಲ.

ನನಗೆ ತೀರಾ ಇಷ್ಟವಾದ ಸಂಗತಿ ಇದು: ಆ ಬೀರುಗಳಿಲ್ಲ, ತಲೆಗಳೂ ಇಲ್ಲ, ಕಾಟನ್‌ನ ಮನೆಯೂ ಇಲ್ಲ. ಆದರೆ ಯೂಸ್ಟನ್ ರಸ್ತೆಯ ಬ್ರಿಟಿಷ್ ಲೈಬ್ರರಿಯಲ್ಲಿ ಆ ಹಸ್ತಪ್ರತಿಯ ಹೆಸರು ಈಗಲೂ ‘ಕಾಟನ್ ವಿಟೆಲಿಯಸ್ ಎ 15’. ಜಾಗ ಬದಲಾದರೂ ಹೆಸರು ಬದಲಾಯಿಸಲಿಲ್ಲ. ಹೆಸರಿಗೂ ಜಾಗಕ್ಕೂ ನಡುವೆ ಒಂದು ಪಟ್ಟಿ ಇದ್ದರೆ ಸಾಕು.

ಆ ಪಟ್ಟಿಯೇ ಹೋದರೆ? 2023ರ ಅಕ್ಟೋಬರ್ 28ಕ್ಕೆ ಅದೂ ಆಯ್ತು. ರೈಸಿಡಾ ಅನ್ನೋ ಗುಂಪು ಬ್ರಿಟಿಷ್ ಲೈಬ್ರರಿಯ ಕಂಪ್ಯೂಟರುಗಳಿಗೆ ನುಗ್ಗಿ, ಸುಮಾರು 600 ಜಿಬಿ ಫೈಲು ಕದ್ದು, ಹೋಗ್ತಾ ಸರ್ವರುಗಳನ್ನು ಹಾಳುಗೆಡವಿ ಹೋಯಿತು. ಕದ್ದ ಮಾಲನ್ನು 20 ಬಿಟ್‌ಕಾಯಿನ್‌ಗೆ ಹರಾಜಿಗಿಟ್ಟರು. ಲೈಬ್ರರಿ ಹಣ ಕೊಡಲಿಲ್ಲ, ಅವರು ಮಾಲನ್ನು ಡಾರ್ಕ್ ವೆಬ್ಬಿಗೆ ಸುರಿದರು. ಕಪಾಟಿನಲ್ಲಿದ್ದ ಒಂದು ಪುಸ್ತಕಕ್ಕೂ ಏನೂ ಆಗಿರಲಿಲ್ಲ. ಆದರೆ ಕ್ಯಾಟಲಾಗ್ ಇಲ್ಲ! ಓದುಗರು ಕಾಗದದ ಚೀಟಿ ಬರೆದು ಕೊಡಬೇಕಾಯಿತು. ಯಾರ್ಕ್‌ಶೈರಿನ ಬಾಸ್ಟನ್ ಸ್ಪಾದಲ್ಲಿರುವ ಗೋದಾಮಿನಲ್ಲಿ ಪುಸ್ತಕ ಹುಡುಕಿ ತೆಗೆಯೋದು ಯಂತ್ರಗಳು. ಹಾಗಾಗಿ ಅಲ್ಲಿದ್ದ ಪುಸ್ತಕಗಳು ಇದ್ದೂ ಇಲ್ಲದ ಹಾಗಾದವು. 3.6 ಕೋಟಿ ದಾಖಲೆಗಳ ಮುಖ್ಯ ಕ್ಯಾಟಲಾಗ್ ಮತ್ತೆ ಹುಡುಕಲು ಸಿಕ್ಕಿದ್ದು 2024ರ ಜನವರಿ 15ಕ್ಕೆ.

ಆ ಮಾರ್ಚಿನಲ್ಲಿ ಲೈಬ್ರರಿಯವರೇ ಒಂದು ವರದಿ ಹೊರತಂದರು. ಏನೂ ಮುಚ್ಚಿಡದೆ ಬರೆದಿದ್ದಾರೆ, ನಮ್ಮ ಕಸುಬಿನವರು ಎಲ್ಲರೂ ಓದಬೇಕು. ಅದರಲ್ಲಿ ಒಂದು ವಿಷಯ ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಕಳ್ಳರು ಕದಿಯೋದಕ್ಕೆ ಹಾಕಿಕೊಂಡ ದಾರಿಗಳಲ್ಲಿ ಒಂದು, ಫೈಲು ಮತ್ತು ಫೋಲ್ಡರುಗಳ ಹೆಸರಿನಲ್ಲಿ ‘ಪಾಸ್‌ಪೋರ್ಟ್’, ‘ಕಾನ್ಫಿಡೆನ್ಷಿಯಲ್’ ಅಂತ ಇದೆಯಾ ಅಂತ ಹುಡುಕೋದು. ಅಂದರೆ ಒಳ್ಳೆಯ ಹೆಸರಿಟ್ಟವರ ಫೈಲೇ ಮೊದಲು ಹೋಯ್ತು. ಆ ಲೆಕ್ಕದಲ್ಲಿ ‘ನ್ಯೂ1’ ಅನ್ನೋದು ಭದ್ರವಾದ ಹೆಸರು! ವರದಿಯ ಇನ್ನೊಂದು ಮಾತು: ಡಿಜಿಟಲ್ ಸಂಗ್ರಹಗಳ ಪ್ರತಿಗಳೆಲ್ಲ ಕ್ಷೇಮವಾಗಿದ್ದವು, ಆದರೆ ಅವನ್ನು ತಂದು ಕೂರಿಸಲು ಬೇಕಾದ ಯಂತ್ರ ವ್ಯವಸ್ಥೆಯೇ ಉಳಿದಿರಲಿಲ್ಲ.

ಇದು ಹೊಸದೇನಲ್ಲ. ಲಂಡನ್ನಿನ ಇನ್ನೊಂದು ತುದಿಯ ಕ್ಯೂ ಅನ್ನೋ ಊರಿನಲ್ಲಿ ನ್ಯಾಷನಲ್ ಆರ್ಕೈವ್ಸ್ ಇದೆ. 1086ರ ಡೂಮ್ಸ್‌ಡೇ ಬುಕ್ ಅಲ್ಲಿದೆ. ಯಾರ ಹತ್ತಿರ ಎಷ್ಟು ಭೂಮಿ, ಎಷ್ಟು ನೇಗಿಲು ಅಂತ ವಿಲಿಯಂ ದೊರೆ ಬರೆಸಿದ ಲೆಕ್ಕ, ಚರ್ಮದ ಹಾಳೆಯಲ್ಲಿ. ಲ್ಯಾಟಿನ್ ಬಂದರೆ ಇವತ್ತೂ ಓದಬಹುದು. ಅದಕ್ಕೆ 900 ವರ್ಷ ತುಂಬಿತು ಅಂತ 1986ರಲ್ಲಿ ಬಿಬಿಸಿಯವರು ಹೊಸ ಡೂಮ್ಸ್‌ಡೇ ಮಾಡಿದರು. ದೇಶವನ್ನು 4 ಕಿಲೋಮೀಟರ್ ಅಗಲ 3 ಕಿಲೋಮೀಟರ್ ಎತ್ತರದ ಚೌಕಗಳಾಗಿ ಹಂಚಿ, ಶಾಲೆ ಮಕ್ಕಳಿಂದ ಊರ ವಿವರ ಬರೆಸಿ, ಫೋಟೋ ತೆಗೆಸಿ, ಎರಡು ಲೇಸರ್ ಡಿಸ್ಕುಗಳಲ್ಲಿ ತುಂಬಿದರು. ಓದಲು ಬಿಬಿಸಿ ಮಾಸ್ಟರ್ ಕಂಪ್ಯೂಟರು, ಅದಕ್ಕೇ ಅಂತ ಮಾಡಿದ ಫಿಲಿಪ್ಸ್ ಪ್ಲೇಯರು ಬೇಕು. ಒಟ್ಟು ಬೆಲೆ ಸುಮಾರು 5,000 ಪೌಂಡು. ಬರೆದ ಶಾಲೆಗಳಲ್ಲೇ ಹೆಚ್ಚಿನವು ಕೊಳ್ಳಲಾಗಲಿಲ್ಲ. ಹದಿನೈದೇ ವರ್ಷಕ್ಕೆ ಅದನ್ನು ಓದುವ ಯಂತ್ರಗಳು ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯದವರು ಆ ಹಳೆ ಕಂಪ್ಯೂಟರಿನ ನಡವಳಿಕೆಯನ್ನೇ ಹೊಸ ಕಂಪ್ಯೂಟರಿನಲ್ಲಿ ಅಣಕ ಮಾಡಿಸಿ ಅದನ್ನು ಮತ್ತೆ ಓದಿಸಿದರು.

ಅದೇ 2002ರಲ್ಲಿ ಕ್ಯೂನವರು ಪ್ರೋನಮ್ ಅನ್ನೋ ಪಟ್ಟಿ ಶುರುಮಾಡಿದರು. ಜಗತ್ತಿನ ಫೈಲ್ ಬಗೆಗಳಿಗೆಲ್ಲ ಒಂದೊಂದು ನಂಬರು, ಒಂದೊಂದು ಗುರುತು. ಅದರ ಜೊತೆಯ ಡ್ರಾಯ್ಡ್ ಅನ್ನೋ ತಂತ್ರಾಂಶ ಪುಕ್ಕಟೆ ಸಿಗುತ್ತೆ. ಅದು ಫೈಲಿನ ಹೆಸರನ್ನು ನಂಬಿ ಕೂರೋದಿಲ್ಲ, ಒಳಗಿನ ಬೈಟುಗಳನ್ನು ನೋಡಿ ಜಾತಿ ಹೇಳುತ್ತೆ. ಅಜ್ಜನ ಫೈಲುಗಳನ್ನು ಅದರ ಬಾಯಿಗೆ ಕೊಟ್ಟೆ. ನಾಲ್ಕೂ ‘ಎಫ್‌ಎಮ್‌ಟಿ/40’, ಅಂದರೆ 97ರಿಂದ 2003ರ ಕಾಲದ ವರ್ಡ್ ಫೈಲು, ಆರೋಗ್ಯ ಚೆನ್ನಾಗಿದೆ ಅಂತ ಸರ್ಟಿಫಿಕೇಟ್ ಕೊಟ್ಟಿತು. (ಆ ಜಾತಿಯ ಫೈಲಿನ ಮೊದಲ ನಾಲ್ಕು ಬೈಟನ್ನು ಹೆಕ್ಸಿನಲ್ಲಿ ಬರೆದರೆ ‘ಡಾಕ್‌ಫೈಲ್’ ಅಂತ ಓದೋ ಹಾಗೆ ಕಾಣುತ್ತೆ. ಯಾರೋ ಇಂಜಿನಿಯರನ ತುಂಟತನ.)

ಹಾಗಾದರೆ ಪೌಂಡ್ ಎಲ್ಲಿಂದ ಬಂತು? 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಇತ್ತು. ಆದರೆ 2004ರಲ್ಲೂ ಡಿಟಿಪಿ ಅಂಗಡಿಗಳ ಪುಟ ಕಟ್ಟುವ ತಂತ್ರಾಂಶಕ್ಕೆ ಯೂನಿಕೋಡ್ ಒಗ್ಗುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದರು. ಪೌಂಡ್ ಚಿಹ್ನೆಯ ಮನೆಯಲ್ಲಿ ‘ನ’ದ ಮೈ ಇದೆ, ‘ಪಿ’ ಮನೆಯಲ್ಲಿ ‘ಕ’ದ ಮೈ. ಫಾಂಟ್ ಇದ್ದರೆ ಅಜ್ಜನ ಕಥೆ, ಇಲ್ಲದಿದ್ದರೆ ಕಸ. ಅದನ್ನು ಬೈಯುವ ಮನಸ್ಸು ನನಗಿಲ್ಲ, ಆ ಉಪಾಯ ಇಲ್ಲದಿದ್ದರೆ ಅಜ್ಜನ ಬರಹ ಗೆದ್ದಲಿಗೇ ಹೋಗುತ್ತಿತ್ತು. ಆದರೆ ಕ್ಯೂನ ಪಟ್ಟಿಗೆ ಅದು ವರ್ಡ್ ಫೈಲು ಅಂತ ಮಾತ್ರ ಗೊತ್ತು. ಒಳಗಿರೋದು ಕನ್ನಡ ಅನ್ನೋದು ಕನ್ನಡದವರಿಗೇ ಗೊತ್ತಿರಬೇಕು.

ಇಂಥದ್ದನ್ನು ಯೂನಿಕೋಡಿಗೆ ಬದಲಾಯಿಸುವ ಸಾಧನಗಳು ಅಂತರ್ಜಾಲದಲ್ಲಿವೆ. ನಾನು ಹುಂಬ, ನಾನೇ ಬರೀತೀನಿ ಅಂತ ಎರಡು ರಾತ್ರಿ ಕೂತೆ. ತೊಂದರೆ ಕೊಟ್ಟಿದ್ದು ಅರ್ಕಾವತ್ತು. ಆ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಹಾಗೆ ಅದು ಅಕ್ಷರದ ನಂತರ ಬರುತ್ತೆ, ಯೂನಿಕೋಡಿನಲ್ಲಿ ಉಚ್ಚಾರದ ಹಾಗೆ ಮೊದಲು. ಅದನ್ನು ಹಿಂದೆ ತರೋದು ಮರೆತೆ. ಮೊದಲ ಸುತ್ತಿಗೆ ಸೂರ್ಯ ‘ಸೂಯರ್’ ಆದ, ಧರ್ಮ ‘ಧಮರ್’ ಆಯ್ತು, ವರ್ಷಗಳೆಲ್ಲ ‘ವಷರ್’. ಇನ್ನೊಂದು ಎಡವಟ್ಟು ಏನಂದ್ರೆ, ‘ಫೈನಲ್ ಕರೆಕ್ಷನ್’ಗಿಂತ ‘ನ್ಯೂ1’ ಒಂದು ವಾರ ಹೊಸದು, ಅದರಲ್ಲಿ ಎರಡು ಅಧ್ಯಾಯ ಜಾಸ್ತಿ ಇದೆ. ಹೆಸರು ನೋಡಿ ಬಿಟ್ಟಿದ್ದರೆ ಅವು ಹೋಗ್ತಿದ್ದವು.

ಆ ಎರಡರಲ್ಲಿ ಒಂದು ಅಧ್ಯಾಯ ಅಟ್ಟದ ಮೇಲಿನ ಹಳೇ ಸಾಮಾನುಗಳ ಬಗ್ಗೆ. ಅಜ್ಜನ ಅಜ್ಜನ ಕಾಲದ ಕಡತ ಒಂದಿತ್ತಂತೆ, ತೋಟದ ಲೆಕ್ಕ, ಸಾಲದ ಲೆಕ್ಕ ಎಲ್ಲ ಅದರಲ್ಲಿ. ಏಳು ವರ್ಷದ ಹುಡುಗ ಅಜ್ಜ ಒಂದು ಮಳೆಗಾಲದ ಮಧ್ಯಾಹ್ನ ಒದ್ದೆ ಬಟ್ಟೆ ತೊಗೊಂಡು ಅದನ್ನು ಪೂರಾ ಒರೆಸಿ, ಬಳಪದಲ್ಲಿ ಚಿತ್ರ ಬರೆದಿದ್ದರಂತೆ. ಆಮೇಲೆ ಬಿದ್ದ ಪೆಟ್ಟಿನ ವರ್ಣನೆಗೆ ಅರ್ಧ ಪುಟ ಮೀಸಲು.

ಭಾನುವಾರ ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ನಗ್ತಾ ನಗ್ತಾ ಸುಮ್ಮನಾದರು. ಆಮೇಲೆ, ‘ಏನು ಚಿತ್ರ ಬರೆದಿದ್ರಂತೋ?’ ಅಂದರು.

‘ಅದು ಮುಂದಿನ ಪುಟದಲ್ಲಿದೆ ಅನ್ಸತ್ತಮ್ಮ. ಅಲ್ಲಿ ಇನ್ನೂ ಎಲ್ಲ ‘ವಷರ್’ ಆಗೇ ಇದೆ. ಸರಿ ಮಾಡಿ ರಾತ್ರಿ ಫೋನ್ ಮಾಡ್ತೀನಿ.’

‘ಎಷ್ಟೊತ್ತಾದ್ರೂ ಮಾಡು’ ಅಂದರು.