ಕೊಳಚೆಯ ಲೆಕ್ಕ ಕೇಳಿದ ಮಹಂತರು

1986ರ ಜೂನ್ 14ರಂದು ಪ್ರಧಾನಿ ರಾಜೀವ್ ಗಾಂಧಿ ವಾರಾಣಸಿಯಲ್ಲಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ನೀಡಿದರು. ದೀನಾಪುರದಲ್ಲಿ ದಿನಕ್ಕೆ 8 ಕೋಟಿ ಲೀಟರ್ ಕೊಳಚೆ ಶುದ್ಧೀಕರಿಸುವ ಘಟಕ ಎದ್ದಿತು. ಕೊಳಚೆಯನ್ನು ಎತ್ತಿ ಸಾಗಿಸಲು ಘಾಟ್‌ಗಳ ಮೇಲೆ ಪಂಪ್‌ಹೌಸ್‌ಗಳು ಬಂದವು.

ಕರೆಂಟು ಹೋದರೆ? ಪಂಪು ನಿಲ್ಲುತ್ತಿತ್ತು, ಕೊಳಚೆ ನೇರ ಗಂಗೆಗೆ. ಮಳೆಗಾಲದ ನೆರೆಯಲ್ಲೂ ಅದೇ ಪಾಡು. ಇದನ್ನು ಎತ್ತಿ ತೋರಿಸಿದವರು ಸಂಕಟಮೋಚನ ದೇವಸ್ಥಾನದ ಮಹಂತ ವೀರಭದ್ರ ಮಿಶ್ರ. ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಆಗಿದ್ದರು. ಬೆಳಗ್ಗೆ ಗಂಗಾಸ್ನಾನ, ಆಮೇಲೆ ಎಂಜಿನಿಯರಿಂಗ್ ಪಾಠ! 1982ರಲ್ಲಿ ಅವರು ಕಟ್ಟಿದ ಪ್ರತಿಷ್ಠಾನ ತುಳಸಿಘಾಟ್‌ನಲ್ಲಿ ಪ್ರಯೋಗಾಲಯ ತೆರೆದು ನದಿಯ ನೀರನ್ನು ತಾನೇ ಪರೀಕ್ಷಿಸಿತು. ಸರ್ಕಾರಿ ವರದಿ ಏನೇ ಹೇಳಲಿ, ಜನರ ಕೈಯಲ್ಲಿ ತಮ್ಮದೇ ಅಂಕಿ ಇತ್ತು. ಗುತ್ತಿಗೆ ಕಾಮಗಾರಿಯ ಲೆಕ್ಕ ಕೇಳಲು ಇದಕ್ಕಿಂತ ಒಳ್ಳೆಯ ಆಯುಧ ಬೇರೆ ಇಲ್ಲ.

ಆದರೆ ಕೇಳುವುದು ಯಾರನ್ನು? ಕಾಮಗಾರಿ ರಾಜ್ಯದ ಜಲ ನಿಗಮದ್ದು, ನಗರ ಮಾತ್ರ ಪಾಲಿಕೆಯದ್ದು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಸಭೆಗಳಿಗೆ ಬಲ ಕೊಟ್ಟಿತು, ಕಾಗದದ ಮೇಲೆ. 1997ರಲ್ಲಿ ವಾರಾಣಸಿ ಪಾಲಿಕೆ, ವಿದ್ಯುತ್ ಬೇಡದ, ಗುರುತ್ವದಿಂದಲೇ ಹರಿಯುವ ಕಾಲುವೆ ಮತ್ತು ಶುದ್ಧೀಕರಣ ಕೊಳಗಳ ಮಿಶ್ರರ ಯೋಜನೆಯನ್ನು ಒಪ್ಪಿತು. ಆದರೆ ಜಲ ನಿಗಮ ವಿದ್ಯುತ್ ಪಂಪುಗಳ ವ್ಯವಸ್ಥೆಯೇ ಬೇಕೆಂಬ ತನ್ನ ಪಟ್ಟು ಬಿಡಲಿಲ್ಲ.

2013ರಲ್ಲಿ ಮಿಶ್ರರು ತೀರಿಕೊಂಡಾಗಲೂ ಆ ಕೊಳಗಳು ನಿರ್ಮಾಣವಾಗಿರಲಿಲ್ಲ.