ಕವಳಿ, ಬಾರಿ: ಮಲಪ್ರಭೆಯ ದಂಡೆಯ ಎರಡು ಬೇಲಿಹಣ್ಣು

ಮಲಪ್ರಭೆ ಕಣಕುಂಬಿಯ ಮಳೆಕಾಡಿನಲ್ಲಿ ಹುಟ್ಟಿ, ಖಾನಾಪುರ ದಾಟಿ, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಗಳನ್ನು ಹಾದು ಬಾದಾಮಿಯತ್ತ ಹೋಗುತ್ತದೆ. ಹೊಳೆಯ ಜತೆ ಮೂಡಣಕ್ಕೆ ನಡೆದಂತೆ ಮಳೆ ಕಡಿಮೆಯಾಗುತ್ತದೆ. ಮಸಾರಿ ನೆಲ ಮುಗಿದು ಎರೆಹೊಲ ಬರುತ್ತದೆ, ಅದರಾಚೆ ರಾಮದುರ್ಗದ ಕಲ್ಲುಗುಡ್ಡಗಳು. ಬೇಲಿಯ ಹಣ್ಣೂ ಹಾಗೆಯೇ ಬದಲಾಗುತ್ತದೆ. ಕಿತ್ತೂರಿನ ಕಡೆ ಕವಳಿ, ರಾಮದುರ್ಗದ ಕಡೆ ಬಾರಿ. ನನ್ನ ತವರು ಸುರೇಬಾನದ ಹತ್ತಿರದ ಹಳ್ಳಿ, ಕೊಟ್ಟ ಮನೆ ಕಿತ್ತೂರ ಸೀಮೆ. ಎರಡೂ ಮುಳ್ಳು ಚುಚ್ಚಿಸಿಕೊಂಡವಳು ನಾನು. ಈಗ ಬೈಲಹೊಂಗಲದಲ್ಲಿ ಮನೆ, ಹಿತ್ತಲಲ್ಲಿ ಎರಡೂ ಗಿಡ ಇವೆ. ‘ಯಾವುದು ಹಚ್ಚೋಣ್ರಿ ಅಕ್ಕಾ?’ ಎಂದು ಓಣಿಯವರು ಕೇಳಿದರೆ, ಮೊದಲು ಆ ಗಿಡಗಳ ಹಿಂದಿನ ಬಾಳು ಕೇಳಿಕೊಳ್ಳಿ ಅನ್ನುತ್ತೇನೆ.

ನಮ್ಮ ಹಿರಿಯರು ಇವನ್ನು ಹಣ್ಣಿಗಾಗಿ ಹಚ್ಚಿದವರಲ್ಲ. ತಂತಿ ಬರುವ ಮೊದಲು ಹೊಲಕ್ಕೆ ಕಾವಲು ಅಂದರೆ ಮುಳ್ಳು. ಬಾರಿಯ ಟೊಂಗೆ ಕಡಿದು ಎಳೆತಂದು ಕಣದ ಸುತ್ತ, ಬಣವೆಯ ಸುತ್ತ, ಕುರಿದೊಡ್ಡಿಯ ಬಾಯಿಗೆ ಒಡ್ಡುತ್ತಿದ್ದರು. ಬಾರಿಯ ಮುಳ್ಳು ಜೋಡಿಯಾಗಿ ಬರುತ್ತದೆ. ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆ. ಒಂದು ಚುಚ್ಚುತ್ತದೆ, ಇನ್ನೊಂದು ಹಿಡಿದು ನಿಲ್ಲಿಸುತ್ತದೆ. ಕವಳಿಯ ಮುಳ್ಳು ನೆಟ್ಟಗೆ, ಗಟ್ಟಿ. ಅದು ಕಡಿದು ಒಡ್ಡುವ ಗಿಡವಲ್ಲ, ನಿಂತಲ್ಲೇ ಹೆಣೆದುಕೊಂಡು ಮೆಳೆಯಾಗುವ ಗಿಡ. ಬ್ರಿಟಿಷರ ಸಂಪಗಾಂವ ತಾಲೂಕು, ಪರಸಗಡ ತಾಲೂಕು, ಭಾವೆ ಮನೆತನದ ರಾಮದುರ್ಗ ಸಂಸ್ಥಾನ ಎಂದು ಆಗ ಆಳುವವರು ಬೇರೆ ಬೇರೆ ಇದ್ದರು. ಬೇಲಿಯ ರೀತಿಗೆ ಮಾತ್ರ ಆ ಗಡಿಗಳಿರಲಿಲ್ಲ. ಅದನ್ನು ಮಳೆಯೇ ಗೊತ್ತುಮಾಡುತ್ತಿತ್ತು.

ಈ ಎರಡು ಗಿಡಗಳು ಒಂದೇ ಸಾಲಿನಲ್ಲಿ ಸರ್ಕಾರಿ ಕೆಲಸಕ್ಕೂ ನಿಂತಿದ್ದವು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಉಪ್ಪಿನ ಕಳ್ಳಸಾಗಣೆ ತಡೆಯಲು ಬ್ರಿಟಿಷರು ಉತ್ತರ ಭಾರತದಲ್ಲಿ ಸುಂಕದ ಗಡಿಯೊಂದನ್ನು ಹಾಕಿದ್ದರು. 1869ರ ಹೊತ್ತಿಗೆ ಅದು ಸಿಂಧೂ ನದಿಯಿಂದ ಮಹಾನದಿಯ ತನಕ 2,300 ಮೈಲಿ ಚಾಚಿತ್ತು. ಕಾವಲಿಗೆ ಸುಮಾರು 12,000 ಜನ ಇದ್ದರು. ಮೊದಮೊದಲು ಒಣಮುಳ್ಳಿನ ಬೇಲಿ ಒಡ್ಡಿದರು. ಅದು ಗೆದ್ದಲಿಗೆ, ಬೆಂಕಿಗೆ, ಬಿರುಗಾಳಿಗೆ ಹೋಗುತ್ತಿತ್ತು. 1867ರಲ್ಲಿ ಸುಂಕದ ಕಮಿಷನರ್ ಆಗಿ ಬಂದ ಎ. ಒ. ಹ್ಯೂಮ್, ಮುಂದೆ 1885ರಲ್ಲಿ ಕಾಂಗ್ರೆಸ್ ಕಟ್ಟಲು ಮುಂದಾದ ಅದೇ ಹ್ಯೂಮ್, ಜೀವಂತ ಬೇಲಿ ಬೆಳೆಸಲು ಟೊಂಕ ಕಟ್ಟಿದ. ಎಲ್ಲಿ ಏನು ಹತ್ತುತ್ತದೆ ಎಂದು ನೋಡಿ ಜಾಲಿ, ಬಾರಿ, ಕವಳಿ, ಕಳ್ಳಿ ಹಚ್ಚಿಸಿದ. 1879ರಲ್ಲಿ ಆ ಸುಂಕದ ಗಡಿ ರದ್ದಾಯಿತು, ಬೇಲಿಯೂ ಅಳಿಯಿತು. ನಮ್ಮ ಸೀಮೆಗೆ ಅದು ಬರಲಿಲ್ಲ. ಆದರೆ ಸರ್ಕಾರ ಕಷ್ಟಪಟ್ಟು ಕಲಿತ ಈ ವಿದ್ಯೆ ನಮ್ಮ ಒಕ್ಕಲಿಗರಿಗೂ ಕುರುಬರಿಗೂ ಅಂಗೈ ಮೇಲಿನ ಗೆರೆಯಷ್ಟು ಗೊತ್ತಿತ್ತು.

ಹಣ್ಣಾಗಿಯೂ ಇವು ಇಂದಿನವಲ್ಲ. ಚರಕ ಸಂಹಿತೆಯಲ್ಲಿ ಹೃದಯಕ್ಕೆ ಹಿತವಾದ ಹತ್ತು ದ್ರವ್ಯಗಳನ್ನು ಹೇಳುವಾಗ ಮಾವು, ದಾಳಿಂಬೆ, ಮಾದಳದ ಸಂಗಡ ಕರಮರ್ದವೂ ಬದರವೂ ಬರುತ್ತವೆ, ಅಂದರೆ ಕವಳಿ ಮತ್ತು ಬಾರಿ. ದೇವರ ಕತೆಗೆ ಸೇರಿದ್ದು ಮಾತ್ರ ಬಾರಿ. ಸುರೇಬಾನದ ಹತ್ತಿರ ಶಬರಿಕೊಳ್ಳವಿದೆ. ಶಬರಿ ರಾಮನಿಗಾಗಿ ಕಾದದ್ದು, ಬಾರಿಹಣ್ಣು ಕಚ್ಚಿ ರುಚಿ ನೋಡಿ ಕೊಟ್ಟದ್ದು ಇಲ್ಲೇ ಎಂದು ನಮ್ಮವರ ನಂಬಿಕೆ. ಹಂಪಿಯ ಆಚೆದಂಡೆಯ ಪಂಪಾಸರೋವರದವರೂ ತಮ್ಮಲ್ಲಿ ಶಬರಿಯ ಗವಿ ತೋರಿಸುತ್ತಾರೆ. ವಾಲ್ಮೀಕಿಯ ಶಬರಿ ಕಾಡಿನಲ್ಲಿ ಸಿಕ್ಕಿದ್ದನ್ನು ರಾಮನಿಗಾಗಿ ಕೂಡಿಟ್ಟಿದ್ದಳು ಎಂದಷ್ಟೇ ಇದೆ, ಕಚ್ಚಿದ ಬಾರಿಯ ಮಾತಿಲ್ಲ. ಅದನ್ನು ಸೇರಿಸಿದ್ದು ಮುಂದಿನ ಭಕ್ತರು. ಸೇರಿಸಿದವರು ಗಿಡ ಬಲ್ಲವರೇ ಇರಬೇಕು. ಯಾಕೆಂದರೆ ಕಾಡುಬಾರಿಯಲ್ಲಿ ಒಂದು ಹಣ್ಣು ಸಿಹಿ, ಪಕ್ಕದ್ದು ಒಗರು, ಮೂರನೆಯದರಲ್ಲಿ ಹುಳ. ಕಚ್ಚದೆ ತಿಳಿಯುವುದಿಲ್ಲ.

ಬಾರಿಯ ಸುಗ್ಗಿ ಚಳಿಗಾಲದ್ದು. ಬನದ ಹುಣ್ಣಿಮೆಗೆ ಚಕ್ಕಡಿ ಕಟ್ಟಿಕೊಂಡು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುವಾಗ ದಾರಿಯುದ್ದಕ್ಕೂ ಬಾರಿ ಆರಿಸುವುದೇ ನಮಗೆ ಕೆಲಸ. ಸಂಕ್ರಾಂತಿಗೆ ಕಬ್ಬು, ಸುಲಗಾಯಿಯ ಸಂಗಡ ಅದು ಬೇಕೇ ಬೇಕು. ಕೂಸುಗಳಿಗೆ ಕರಿ ಎರೆಯುವಾಗ ಚುರುಮುರಿ, ಕಬ್ಬಿನ ತುಂಡು, ಚಿಲ್ಲರೆ ದುಡ್ಡಿನ ಜತೆ ತಲೆಯ ಮೇಲೆ ಸುರಿಯುವುದೂ ಬಾರಿಹಣ್ಣೇ. ಉಳಿದದ್ದನ್ನು ಮಾಳಿಗೆಯ ಮೇಲೆ ಒಣಗಿಸಿ, ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿ, ತಟ್ಟಿ ಇಡುತ್ತಿದ್ದರು. ನಮ್ಮವ್ವ ಅನ್ನುತ್ತಿದ್ದಳು: ‘ಬಾರಿ ಗಿಡಕ್ಕ ಯಾರೂ ನೀರ ಹಾಕಂಗಿಲ್ಲ, ಎಲ್ಲಾರೂ ಕಲ್ಲ ಒಗೀತಾರ.’

ಕವಳಿಯ ಸುಗ್ಗಿ ಬೇಸಿಗೆಯದು. ಕಿತ್ತೂರಿನ ಪಡುವಣಕ್ಕೆ, ನಂದಗಡದ ಕಡೆ ಹೋದರೆ ಕಾಡಿನ ಅಂಚೆಲ್ಲ ಕವಳಿಯ ಮೆಳೆ. ಸಂಗೊಳ್ಳಿ ರಾಯಣ್ಣ ಕಂಪನಿಯ ದಂಡಿನ ಕೈಗೆ ಸಿಗದೆ ಓಡಾಡಿದ ಕಾಡು ಅದು. 1831ರ ಜನವರಿ 26ರಂದು ಅವನನ್ನು ಗಲ್ಲಿಗೇರಿಸಿದ್ದೂ ನಂದಗಡದಲ್ಲೇ. ಏಪ್ರಿಲ್ ಕೊನೆಗೆ ಹೆಣ್ಣುಮಕ್ಕಳು ಬುಟ್ಟಿ ಹೊತ್ತು ಬಸ್‌ಸ್ಟ್ಯಾಂಡಿಗೆ ಬಂದು ಎಲೆಯ ಕೊಟ್ಟೆಯಲ್ಲಿ ಕವಳಿ ಅಳೆದು ಕೊಡುತ್ತಾರೆ. ನಮ್ಮತ್ತೆಯ ಲೆಕ್ಕ ಹೀಗಿತ್ತು: ‘ಹಸರ ಇದ್ದಾಗ ಉಪ್ಪಿನಕಾಯಿ, ಕೆಂಪಾದಾಗ ಚಟ್ನಿ, ಕರ್ರಗಾದ ಮ್ಯಾಲ ಹುಡುಗರ ಪಾಲು.’ ಕಾಯಿ ಹೆಚ್ಚಿದರೆ ಹಾಲು ಸೋರಿ ಬೆರಳಿಗೆ ಅಂಟುತ್ತದೆ. ಉಪ್ಪುನೀರಿನಲ್ಲಿ ನೆನೆಹಾಕಿದರೆ ಆ ಜಿಗುಟು ಹೋಗುತ್ತದೆ. ಬೇಕರಿಯವರು ಕೇಕಿನ ಮೇಲೆ ಕೂಡಿಸುವ ಕೆಂಪು ಚೆರ್ರಿ ಎಷ್ಟೋ ಸಲ ಇದೇ ಕಾಯಿ. ಬೀಜ ತೆಗೆದು, ಬಣ್ಣ ಹಾಕಿ, ಸಕ್ಕರೆ ಪಾಕದಲ್ಲಿ ಇಟ್ಟದ್ದು. ಬೇಲಿಯಲ್ಲಿದ್ದಾಗ ಕೇಳದವರು ಕೇಕಿನ ಮೇಲೆ ಬಂದರೆ ದುಡ್ಡು ಕೊಡುತ್ತಾರೆ.

ಇವು ಕಡಿಮೆಯಾದದ್ದು ನನ್ನ ಕಣ್ಣೆದುರೇ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಕಾಲುವೆ ನೀರು ಹರಿಯಿತು. ಹೊಲ ಸಮ ಮಾಡುವಾಗ ಬದುವಿನ ಬಾರಿ ಮೊದಲು ಬಿತ್ತು. ಹಿಂದೆಯೇ ಕಲ್ಲುಕಂಬ, ತಂತಿ ಬಂದವು. ಬೀಳುನೆಲಕ್ಕೆ ಬಳ್ಳಾರಿ ಜಾಲಿ ನುಗ್ಗಿತು. ಕುರಿ ಸಾಕುವವರು ಕಡಿಮೆಯಾದ ಮೇಲೆ ಬಾರಿಯ ಸೊಪ್ಪನ್ನು ಕೇಳುವವರೂ ಇಲ್ಲ. ಸಂತೆಗೆ ಈಗ ಬರುವುದು ಸೇಬಿನ ಗಾತ್ರದ ಆ್ಯಪಲ್ ಬೋರೆ. ಕಚ್ಚಿದರೆ ನೀರು ಸಿಗುತ್ತದೆ, ಹುಳಿ ಸಿಗುವುದಿಲ್ಲ.

ಇನ್ನು ಹಿತ್ತಲಿನ ಮಾತು. ಬಾರಿಗೆ ಜಾಗ ಬೇಕು. ಟೊಂಗೆ ಛತ್ರಿಯ ಹಾಗೆ ಹರಡುತ್ತದೆ, ಗಿಡದಿಂದ ಗಿಡಕ್ಕೆ 20 ಅಡಿ ಬಿಡಬೇಕು. ತಾಯಿಬೇರು ಆಳಕ್ಕೆ ಇಳಿಯುವುದರಿಂದ ಬರಕ್ಕೆ ಅಂಜುವುದಿಲ್ಲ, ಎರೆಗೂ ಕಲ್ಲುನೆಲಕ್ಕೂ ಒಗ್ಗುತ್ತದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಹಣ್ಣು ಬಿಡುವುದು ಹೊಸ ಚಿಗುರಿನಲ್ಲಿ, ಆದ್ದರಿಂದ ಏಪ್ರಿಲ್–ಮೇ ತಿಂಗಳಲ್ಲಿ ಸವರಲೇಬೇಕು. ದೊಡ್ಡ ಕಾಟ ಹಣ್ಣಿನ ನೊಣದ್ದು. ಬಿದ್ದ ಹಣ್ಣನ್ನು ಆರಿಸಿ ಆಳವಾಗಿ ಹೂಳಬೇಕು, ಬುಡದ ಮಣ್ಣು ಕೆದಕಿ ಬಿಸಿಲಿಗೆ ಒಡ್ಡಬೇಕು. ಇಲ್ಲದಿದ್ದರೆ ಬರುವ ವರ್ಷ ಹಣ್ಣಿಗೊಂದು ಹುಳ. ಒಳ್ಳೆಯ ಹಣ್ಣು ಬೇಕೆಂದರೆ ಕಾಡುಬಾರಿಯ ಸಸಿಗೆ ಉಮ್ರಾನಿನಂಥ ತಳಿಯ ಕಣ್ಣು ಕಸಿ ಮಾಡಿಸಬೇಕು.

ಕವಳಿ ಗೋಡೆಯ ಬದಿಯಲ್ಲಿ ಅಡಗಿ ಬದುಕುವ ಗಿಡ. ಎರಡು–ಮೂರು ಅಡಿಗೊಂದು ಹಚ್ಚಿ ಸವರಿದರೆ ಎದೆಮಟ್ಟದ ಬೇಲಿಯಾಗುತ್ತದೆ. ವರ್ಷವಿಡೀ ಹಸಿರು. ಬಿಳಿ ಹೂವಿಗೆ ಮಲ್ಲಿಗೆಯಂಥ ವಾಸನೆ. ರೋಗ, ಕೀಟ ಕಡಿಮೆ. ಎರೆಮಣ್ಣಿನಲ್ಲಿ ನೀರು ನಿಂತರೆ ಮಾತ್ರ ತಡೆಯದು, ಬುಡಕ್ಕೆ ಗರಸು ಹಾಕಿ ಏರಿಸಿ ಹಚ್ಚಬೇಕು. ಬೀಜವನ್ನು ಕೂಡಿಡಲು ಹೋಗಬೇಡಿ, ಒಣಗಿದರೆ ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಹಣ್ಣು ತಿಂದು, ತೊಳೆದು, ಕೂಡಲೇ ಊರಬೇಕು. ಅತಿಯಾಗಿ ಸವರಿದರೆ ಬೇಲಿ ಚೆಂದ, ಹಣ್ಣು ಕಡಿಮೆ.

ನನ್ನ ತೀರ್ಮಾನ ಹೇಳುತ್ತೇನೆ, ತವರಿನವರು ಸಿಟ್ಟಾಗಬಾರದು. 30–40ರ ಸೈಟಿನಲ್ಲಿ ಮನೆ ಕಟ್ಟಿ ಉಳಿದ ಜಾಗಕ್ಕೆ ಕವಳಿಯೇ ಸರಿ. ಹೊಲವಿದ್ದವರು ಬದುವಿಗೊಂದು ಬಾರಿ ಇಟ್ಟುಕೊಳ್ಳಿ. ನಿಂತಿರುವ ಹಳೆಯ ನಾಟಿ ಗಿಡವನ್ನಂತೂ ಕಡಿಯಬೇಡಿ, ಕಣ್ಣು ಕಸಿಗೆ ಬುಡವಾಗಿ ಅದೇ ಬೇಕು. ಈ ಸಲ ಮೇ ತಿಂಗಳಲ್ಲಿ ಬುಟ್ಟಿಯವಳ ಹತ್ತಿರ ಎರಡು ಕೊಟ್ಟೆ ಕವಳಿ ಕೊಳ್ಳಿ, ಚೌಕಾಶಿ ಮಾಡಬೇಡಿ, ಬೀಜ ಉಗುಳಿ ಬಿಸಾಡಬೇಡಿ. ಮಿರಗದ ಮಳೆಗೆ ಸಸಿ ಮೇಲೆದ್ದಿರುತ್ತದೆ.